ರೇಣುಕಾಳ ಒಪ್ಪಿಗೆ ಪತ್ರಕ್ಕಾಗಿ ಠಾಣೆಯಿಂದ ತುರ್ಭೆಗೆ

ಶನಿವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಮುಂಬಯಿ ಪಕ್ಕದ ಠಾಣೆ ಸ್ಟೇಷನ್ನಿನಿಂದ ಹೊರಟೆವು, ನಾನು ಮತ್ತು ನಮ್ಮ ಶಾಲೆಯ ಸಿಪಾಯಿ ಸಿದ್ದಪ್ಪ. ಆಗ ಲೋಕಲ್ ರೈಲಿಗೆ ಬಿಡಿ ಟಿಕೆಟ್ ಕೊಡುತ್ತಿರಲಿಲ್ಲ. ಕೊರೊನಾ ಲಸಿಕೆಯ ಎರಡು ಡೋಸ್ ಹಾಕಿಸಿಕೊಂಡ ಸರ್ಟಿಫಿಕೇಟ್ ತೋರಿಸಿ ತಿಂಗಳ ಪಾಸು ತೆಗೆದವರಿಗೆ ಮಾತ್ರ ಪ್ರಯಾಣ. ಹಾಗಾಗಿ ಒಂದು ದಿನದ ಕೆಲಸಕ್ಕೆ ನಾವಿಬ್ಬರೂ, ಮುಂದೆ ಅಲೆಯಬೇಕಾಗಿ ಬಂದರೆ ಇರಲಿ ಎಂದು, ಕಲ್ಯಾಣದವರೆಗೆ ಇಡೀ ತಿಂಗಳ ಪಾಸು ತೆಗೆದಿದ್ದೆವು. ‘ಇನ್ನ ಒಂದ್ ತಿಂಗಳು ದಿನಾ ಕಲ್ಯಾಣಕ್ಕ ಹೋಗಿ ಚಾ ಕುಡದು ಬರೂಣ್ರಿ ಅಕ್ಕೋರ’ ಎಂದ ಸಿದ್ದಪ್ಪ. ಅವನು ವಿಜಯಪುರದ ಕಡೆಯವನು. ಅವನ ಪಾಲಿಗೆ ಟೀಚರುಗಳೆಲ್ಲ ಅಕ್ಕೋರೇ.

ಸೋಮವಾರ ನಮ್ಮ ಕನ್ನಡ ಶಾಲೆ ಒಂದೂವರೆ ವರ್ಷದ ಮೇಲೆ ಬಾಗಿಲು ತೆರೆಯುವುದಿತ್ತು. ಒಂದು ಬೆಂಚಿಗೆ ಒಂದೇ ಮಗು, ವರಾಂಡದಲ್ಲಿ ಸುಣ್ಣದ ವೃತ್ತಗಳು, ಗೇಟಿನಲ್ಲಿ ಕೈತೊಳೆಯಲು ಹೊಸ ನಲ್ಲಿ. ಟೀಚರುಗಳೆಲ್ಲ ಮೂಗಿಗೆ ಕಡ್ಡಿ ಹಾಕಿಸಿಕೊಂಡು ನೆಗೆಟಿವ್ ಎಂಬ ಕಾಗದ ತಂದಾಗಿತ್ತು. ಜ್ವರ ನೋಡುವ ಪಿಸ್ತೂಲು ಬಂದ ದಿನ ಸಿದ್ದಪ್ಪ ಅದನ್ನು ಹೆಡ್‌ಮಾಸ್ಟರರ ಹಣೆಗೂ ಹಿಡಿದ, ಹಾಲಿನವನ ಹಣೆಗೂ ಹಿಡಿದ. ಬಾಕಿ ಇದ್ದದ್ದು ಒಂದೇ: ಪ್ರತಿ ಮಗುವಿನ ಮನೆಯವರು ಸಹಿ ಮಾಡಿದ ಒಪ್ಪಿಗೆ ಪತ್ರ. ಫೋಟೋ ನಡೆಯದು, ಕಾಗದವೇ ಬೇಕು ಎಂದು ಮೇಲಿನವರ ಕಟ್ಟಪ್ಪಣೆ. ಹತ್ತನೇ ತರಗತಿಯ ಹತ್ತು ಮಕ್ಕಳಲ್ಲಿ ಒಂಬತ್ತರದ್ದು ಬಂದಿತ್ತು. ಬರದೇ ಇದ್ದದ್ದು ಮಾನಿಟರ್ ರೇಣುಕಾಳದು.

ಈ ರೇಣುಕಾಳ ಮೇಲೆ ನನಗೆ ನಾಲ್ಕು ತಿಂಗಳ ಸಿಟ್ಟಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ನಾನು ಹತ್ತೂ ಹೆಸರುಗಳನ್ನು ಕೂಗಿ, ದನಿಯನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಮಕ್ಕಳು ‘ಹಾಜರ್’ ಎಂದು ಬರೆಯಬೇಕು. ಎಲ್ಲರಿಗಿಂತ ಮೊದಲು ಬರುತ್ತಿದ್ದದ್ದು ರೇಣುಕಾಳ ಹಾಜರ್. ಆದರೆ ನಾಲ್ಕು ತಿಂಗಳಿಂದ ಹೋಂವರ್ಕಿನ ಒಂದು ಫೋಟೋ ಇಲ್ಲ, ಫೋನ್ ಎತ್ತುವುದಿಲ್ಲ. ಪತ್ರ ಎಲ್ಲಿ ಎಂದರೆ ‘ಕೊಡ್ತೀನಿ ಟೀಚರ್’ ಎಂದು ಬರೆದು ಕೂರುತ್ತಾಳೆ. ಆ ದಿನವೂ ಪ್ಲಾಟ್‌ಫಾರ್ಮಿನ ಗದ್ದಲದಲ್ಲೇ ನಿಂತು ಹಾಜರಿ ಕೂಗಿದೆ. ಒಂದು ನಿಮಿಷ ಆಗಿರಲಿಲ್ಲ, ಅವಳ ಹಾಜರ್ ಬಂತು. ‘ಮಹಾರಾಣಿಯನ್ನು ಇವತ್ತು ಮನೆಯಲ್ಲೇ ಹಿಡಿಯುತ್ತೇನೆ’ ಎಂದು ಸಿದ್ದಪ್ಪನಿಗೆ ಹೇಳಿ ರೈಲು ಹತ್ತಿದೆ.

ಕಳವಾ ಒಂದೇ ಸ್ಟೇಷನ್ನು. ರಿಜಿಸ್ಟರಿನಲ್ಲಿದ್ದ ವಿಳಾಸ ರೈಲಿನ ಕಾರ್‌ಶೆಡ್ಡಿನ ಹಿಂದಿನ ಚಾಳಿನದು, ಒಂದೊಂದೇ ಕೋಣೆಯ ಸಾಲುಮನೆಗಳು. ಎರಡು ವರ್ಷದ ಹಿಂದೆ ಆ ಖೋಲಿಯಲ್ಲಿ ನಾನು ಕೂತು ಜೋಳದ ರೊಟ್ಟಿ ತಿಂದಿದ್ದೆ. ಈಗ ಬಾಗಿಲಲ್ಲಿ ಬೇರೆ ಹೆಂಗಸು, ಒಳಗೆ ಸಾಲಾಗಿ ಏಳು ಜನ ಮಲಗಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವರಂತೆ, ಅವರು ಎದ್ದ ಮೇಲೆ ಹಗಲು ಪಾಳಿಯವರು ಮಲಗುತ್ತಾರಂತೆ. ಎರಡು ಗಜ ದೂರದ ಸುಣ್ಣದ ವೃತ್ತಗಳನ್ನು ಹಿಂದಿನ ದಿನವಷ್ಟೇ ಅಳೆದು ಬಂದ ನಾನು ಹೊಸ್ತಿಲಾಚೆಯೇ ನಿಂತು, ರೇಣುಕಾಳ ತಾಯಿ ಶಾಂತವ್ವ ಎಲ್ಲಿ ಎಂದು ಕೇಳಿದೆ.

‘ಶಾಂತವ್ವಾ? ಆಕಿ ಮಗಳನ್ನ ಕರಕೊಂಡು ಹೋಗಿ ವರ್ಷದ ಮ್ಯಾಲಾತು. ದಿವಾದಾಗ ಆಕಿ ತಮ್ಮ ಅದಾನ, ಮಲ್ಲೇಶಿ. ಟೆಂಪೊ ಹೊಡಿತಾನ’ ಎಂದಳು ಆ ಹೆಂಗಸು. ವರ್ಷದ ಮೇಲಾಯಿತೇ! ನನ್ನ ರಿಜಿಸ್ಟರಿಗೆ ಅದು ಗೊತ್ತೇ ಇರಲಿಲ್ಲ.

ಎರಡು ಸ್ಟೇಷನ್ ಆಚೆಯ ದಿವಾದಲ್ಲಿ ಇಳಿಯುವುದೇ ಒಂದು ಸಾಹಸ. ಪಾಸಿದ್ದವರಿಗೆ ಮಾತ್ರ ರೈಲು ಎನ್ನುವ ಕಾಲದಲ್ಲೂ ಬಾಗಿಲಲ್ಲಿ ನೇತಾಡುವವರು ನೇತಾಡುತ್ತಲೇ ಇದ್ದರು. ಸೀಟಿಗೆ ಹತ್ತು ರೂಪಾಯಿಯ ಶೇರ್ ರಿಕ್ಷಾದಲ್ಲಿ ಮೂರನೆಯವರಾಗಿ ಸಿಕ್ಕಿಕೊಂಡು, ಆಮೇಲೆ ಕೆಸರಿನಲ್ಲಿ ನಡೆದು, ನಾಲ್ಕನೇ ಮಹಡಿ ಹತ್ತಿದಾಗ ನನ್ನ ಮಾಸ್ಕು ಬೆವರಿಗೆ ಒದ್ದೆಯಾಗಿತ್ತು.

ಮಲ್ಲೇಶಿ ಮೂವತ್ತರ ಆಸುಪಾಸಿನ ಮನುಷ್ಯ, ಮಿತಭಾಷಿ. ಶಾಲೆಯಿಂದ ಬಂದವರು ಎಂದ ತಕ್ಷಣ ಇದ್ದೊಂದು ಕುರ್ಚಿಯನ್ನು ಟವೆಲಿನಲ್ಲಿ ಒರೆಸಿ ಹಾಕಿದ, ಕೈಗೆ ಸ್ಯಾನಿಟೈಜರ್ ಹನಿಸಿದ, ತಾನೇ ಚಹಾ ಮಾಡಿದ. ನಮ್ಮ ಉಡುಪಿ ಕಡೆ ಸೋದರಮಾವ ಎಂದರೆ ಮನೆಯ ಯಜಮಾನ, ತಂದೆಗಿಂತ ಒಂದು ಕೈ ಮೇಲೆ. ನನ್ನಜ್ಜಿಯ ಮನೆಯಲ್ಲಿ ಮಕ್ಕಳ ದೂರು ಹೋಗುತ್ತಿದ್ದದ್ದೇ ಮಾವನ ಹತ್ತಿರ. ಸರಿಯಾದ ಜಾಗಕ್ಕೇ ಬಂದೆ ಅಂದುಕೊಂಡೆ.

‘ಹುಡುಗಿ ಸಾಲಿಗೆ ಬರೋಬ್ಬರಿ ಅದಾಳಲ್ರೀ ಅಕ್ಕೋರ?’ ಎಂದು ಕೇಳಿದ ಮಲ್ಲೇಶಿ.

‘ಎಂಥ ಬರೋಬ್ಬರಿ! ನಾಲ್ಕು ತಿಂಗಳಿಂದ ಒಂದಕ್ಷರ ಬರೆದು ಕಳಿಸಿಲ್ಲ. ಬರೀ ಹಾಜರ್ ಅಂತ ಹಾಕುವುದು, ಮಾಯವಾಗುವುದು. ಇದಕ್ಕೆ ಶಾಲೆ ಅಂತಾರಾ?’ ಎಂದೆ.

ಸಿದ್ದಪ್ಪ ಕೆಮ್ಮಿದ. ನಾನು ಕುರ್ಚಿ ಸರಿಸಿಕೊಂಡೆ. ಅವನು ಇನ್ನೊಮ್ಮೆ, ಇನ್ನೂ ಜೋರಾಗಿ ಕೆಮ್ಮಿದ. ‘ಮಾಸ್ಕ್ ಮೇಲೆ ಮಾಡು ಮಾರಾಯ, ಹೊರಗೆ ಹೋಗಿ ಕೆಮ್ಮು’ ಎಂದು ಗದರಿಸಿ ಅವನನ್ನು ಪ್ಯಾಸೇಜಿಗೆ ಕಳಿಸಿದೆ. ಆಮೇಲೆ ನಿರಾಳವಾಗಿ ಎಲ್ಲವನ್ನೂ ಹೇಳಿದೆ. ಮಾನಿಟರ್ ಆಗಿದ್ದ ಹುಡುಗಿ ಹೀಗಾದರೆ ಹೇಗೆ, ಈ ವರ್ಷ ಪಾಸಾಗುವುದು ದೇವರಾಣೆ ಸಾಧ್ಯವಿಲ್ಲ, ನೀವಾದರೂ ಬುದ್ಧಿ ಹೇಳಿ ಎಂದೆಲ್ಲ. ಮಲ್ಲೇಶಿ ಚಹಾದ ಗ್ಲಾಸನ್ನು ಕುಡಿಯದೆ ಕೆಳಗಿಟ್ಟ. ‘ಹಂಗಾರ ಸಾಲಿ ನಡದೇ ಇಲ್ಲನ್ರಿ’ ಎಂದ. ದನಿ ಏರಿಸಲಿಲ್ಲ. ಡೊಂಬಿವಲಿಯ ಒಂದು ಮೆಸ್ಸಿನ ವಿಳಾಸ ಬರೆದುಕೊಟ್ಟು, ಅಕ್ಕ ಅಲ್ಲಿ ಕೆಲಸಕ್ಕಿದ್ದಾಳೆ, ಹುಡುಗಿ ಅಲ್ಲೇ ಕೂತು ಓದುತ್ತಾಳೆ ಅಂತ ಹೇಳಿದ್ದಳು ಎಂದ. ಮೆಟ್ಟಿಲವರೆಗೆ ಬಂದು ನಮ್ಮನ್ನು ಕಳಿಸಿದ. ಎಷ್ಟು ಒಳ್ಳೆಯ ಮನುಷ್ಯ ಎಂದು ನಾನು ದಾರಿಯುದ್ದಕ್ಕೂ ಹೊಗಳಿದೆ. ಸಿದ್ದಪ್ಪ ನನ್ನಿಂದ ಎರಡು ಹೆಜ್ಜೆ ಮುಂದೆಯೇ ನಡೆದ.

ಡೊಂಬಿವಲಿಯ ಮೆಸ್ಸು ಸ್ಟೇಷನ್ನಿನಿಂದ ನಡೆಯುವಷ್ಟೇ ದೂರ. ಮಾಲೀಕ ನಮ್ಮೂರ ಕಡೆಯವರು, ಮಂಜಣ್ಣ. ‘ಎಂಚ ಉಲ್ಲರ್ ಟೀಚರ್?’ ಎಂದು ತುಳುವಿನಲ್ಲೇ ಕ್ಷೇಮ ಕೇಳಿ, ಇಡ್ಲಿ ಸಾಂಬಾರು ತರಿಸಿದರು. ಇಪ್ಪತ್ತು ಮೇಜುಗಳಲ್ಲಿ ಹದಿನಾರನ್ನು ಒಂದರ ಮೇಲೊಂದು ಹೇರಿ ಮೂಲೆಗೆ ಹಾಕಿದ್ದರು.

‘ತಾಯಿ ಮಗಳು ಇಬ್ರೂ ಇದ್ರು, ತರಕಾರಿ ಹಚ್ಲಿಕ್ಕೆ’ ಎಂದರು ಮಂಜಣ್ಣ.

‘ಮಗಳೂ?’

‘ಮತ್ತೆಂಥ? ಒಬ್ಬಳ ಕೂಲಿಯಲ್ಲಿ ಖೋಲಿ ಬಾಡಿಗೆ ಆಗ್ಬೇಕಲ್ಲ. ಎಂಟು ಗಂಟೆ ಆದ ಕೂಡ್ಲೇ ಆ ಹುಡುಗಿ ಕತ್ತಿ ಕೆಳಗಿಟ್ಟು ಆ ಕಿಟಕಿ ಹತ್ರ ಓಡ್ತಿತ್ತು, ಅಲ್ಲಿ ಮಾತ್ರ ನೆಟ್‌ವರ್ಕ್. ನಿಮ್ಮ ದನಿ ನಮ್ಗೆಲ್ಲ ಪರಿಚಯ ಟೀಚರ್. ಗಿರಾಕಿ ಇಲ್ಲ, ಇಟ್ಕೊಳ್ಳಿಕ್ಕೆ ಆಗ್ಲಿಲ್ಲ. ಈಗ ತುರ್ಭೆಯಲ್ಲಿ ಈರುಳ್ಳಿ ಆರ್ಸ್ತಾರೆ.’

ನಾನು ಇಡ್ಲಿಯ ತಟ್ಟೆ ಸರಿಸಿಟ್ಟೆ. ನಾನು ಬೀಜಗಣಿತ ಹೇಳಿಕೊಡುತ್ತಿದ್ದೇನೆ ಎಂದು ತಿಳಿದಿದ್ದ ಹೊತ್ತಿನಲ್ಲಿ ಈ ಹುಡುಗಿ ಕುಂಬಳಕಾಯಿ ಹೆಚ್ಚುತ್ತಿದ್ದಳೇ! ಮಂಜಣ್ಣ ಕೈ ತೊಳೆಯಲು ನೀರು ಕೊಡುತ್ತಾ, ‘ಶಾಲೆ ಖಂಡಿತ ಶುರು ಆಗ್ತದಾ? ನಮ್ಮ ಚಿಕ್ಕವ ಒಂದನೇ ಕ್ಲಾಸು ಮುಗಿಸಿದ, ಶಾಲೆ ಯಾವ ರಸ್ತೆಯಲ್ಲಿ ಉಂಟು ಅಂತಲೂ ಅವನಿಗೆ ಗೊತ್ತಿಲ್ಲ’ ಎಂದರು. ಈಗ ದೊಡ್ಡ ತರಗತಿಗಳಿಗೆ ಮಾತ್ರ ಅಪ್ಪಣೆ, ಸಣ್ಣವರದ್ದು ಇನ್ನೂ ಹೇಳಿಲ್ಲ ಎಂದೆ.

ಕಲ್ಯಾಣದಲ್ಲಿ ನಮ್ಮ ಪಾಸಿನ ಹಂಗು ಮುಗಿಯಿತು. ಅಲ್ಲಿಂದ ನವಿ ಮುಂಬಯಿಯ ತುರ್ಭೆಗೆ ಬಸ್ಸು. ಶಿಳ್‌ಫಾಟಾದ ಕೂಡುರಸ್ತೆಯಲ್ಲಿ ಲಾರಿಗಳ ನಡುವೆ ಸಿಕ್ಕಿ ಅರ್ಧ ಗಂಟೆ ನಿಂತಲ್ಲೇ ನಿಂತೆವು. ಅಕ್ಟೋಬರಿನ ಬಿಸಿಲು, ಒಂದು ಸೀಟಿಗೆ ಮೂವರು. ಕಂಡಕ್ಟರನ ಮಾಸ್ಕು ಗಲ್ಲದ ಮೇಲಿತ್ತು. ಹೇಳಿದ್ದಕ್ಕೆ ‘ಮ್ಯಾಡಮ್, ತಿಕೀಟ್ ವಿಚಾರಾಯಚಂ ಕಸಂ?’ ಎಂದು ನನ್ನನ್ನೇ ಕೇಳಿದ, ಮಾಸ್ಕಿದ್ದರೆ ಟಿಕೆಟ್ ಕೇಳುವುದು ಹೇಗೆ ಅಂತ! ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಆ ಹೊತ್ತಿಗೆ ನನ್ನ ಸಿಟ್ಟೆಲ್ಲ ಇಳಿದು, ಏನೋ ಸರಿಯಿಲ್ಲ ಎಂಬ ಕಸಿವಿಸಿ ಮಾತ್ರ ಉಳಿದಿತ್ತು.

ತುರ್ಭೆಯ ಈರುಳ್ಳಿ ಮಾರ್ಕೆಟ್ಟಿಗೆ ತಲುಪಿದಾಗ ಎರಡು ಗಂಟೆ. ದೊಡ್ಡ ಶೆಡ್ಡುಗಳು, ನೆಲದ ತುಂಬ ಕೆಂಪು ಸಿಪ್ಪೆ, ಗಾಳಿಯಲ್ಲಿ ಕಣ್ಣು ಉರಿಸುವ ದೂಳು. ಹೆಂಗಸರು ಸಾಲಾಗಿ ಕೂತು ಕೊಳೆತದ್ದನ್ನು ಬೇರೆ ಮಾಡುತ್ತಿದ್ದರು. ಎಲ್ಲರ ಮುಖಕ್ಕೂ ಬಟ್ಟೆ, ರೋಗದ ಹೆದರಿಕೆಗಲ್ಲ, ದೂಳಿಗೆ. ನನಗೆ ಯಾರ ಗುರುತೂ ಸಿಗಲಿಲ್ಲ. ಮೂರನೇ ಸಾಲಿನಲ್ಲಿ ಒಂದು ಹುಡುಗಿ ಈರುಳ್ಳಿ ಕೈಯಲ್ಲೇ ಹಿಡಿದು ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ. ‘ಟೀಚರ್’ ಎಂದಳು. ಒಂದೂವರೆ ವರ್ಷದಲ್ಲಿ ನನ್ನ ಕಿವಿಯಷ್ಟು ಎತ್ತರವಾಗಿದ್ದಳು.

‘ಪತ್ರ ಎಲ್ಲಿ ರೇಣುಕಾ?’ ಎಂದೆ. ಬೇರೆ ಏನು ಕೇಳಬೇಕೆಂದು ತೋಚಲಿಲ್ಲ.

ಗೋಣಿಯ ಕೆಳಗಿಂದ ಚೀಲ ಎಳೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತೆಗೆದಳು. ತಾಯಿಯ ಹೆಬ್ಬೆಟ್ಟಿನ ಗುರುತು, ಕೆಳಗೆ ರೇಣುಕಾಳ ಕೈಬರಹದಲ್ಲಿ ‘ಶಾಂತವ್ವ’ ಎಂದು ಹೆಸರು. ‘ಸೋಮವಾರ ನಾನೇ ತರ್ತಿದ್ದೆ ಟೀಚರ್. ನಡುವ ಬಂದ್ರ ಒಂದ್ ದಿನದ ಕೂಲಿ ಹೋಗ್ತದ’ ಎಂದಳು. ಅದೇ ಚೀಲದಿಂದ ನೋಟ್‌ಬುಕ್ಕುಗಳೂ ಬಂದವು. ನಾಲ್ಕು ತಿಂಗಳ ಲೆಕ್ಕ, ವಿಜ್ಞಾನ, ಕನ್ನಡ, ಒಂದೂ ಬಿಟ್ಟಿರಲಿಲ್ಲ. ‘ಫೋನಿಂದು ಕ್ಯಾಮೆರಾ ಒಡದದ. ಮಾತಾಡೋದೂ ಸರಿ ಕೇಳ್ಸಂಗಿಲ್ಲ.’

‘ಹಾಗೆಂದು ಬರೆಯಬಾರದಿತ್ತೇನೇ?’

‘ಗುಂಪಿನ್ಯಾಗ ವಿಠ್ಠಲ ಹಂಗ ಬರದಾಗ ನೀವು, ನೆಪ ಹೇಳಬ್ಯಾಡ, ರಿಪೇರಿ ಮಾಡಸು ಅಂತ ಎಲ್ಲಾರ ಮುಂದ ಬೈದ್ರಲ್ಲ ಟೀಚರ್.’

ಬೈದಿದ್ದೆ. ಚೆನ್ನಾಗಿ ನೆನಪಿದೆ.

ಅಷ್ಟರಲ್ಲಿ ಶಾಂತವ್ವ ಸೆರಗಿಗೆ ಕೈ ಒರೆಸುತ್ತಾ ಬಂದಳು. ಮುಖದಲ್ಲಿ ನಗು. ‘ಇಷ್ಟ ದೂರ ಹೆಂಗ ಹುಡಕೊಂಡು ಬಂದ್ರಿ ಅಕ್ಕೋರ?’ ಎಂದಳು. ದಿವಾಕ್ಕೆ ಹೋಗಿದ್ದೆವು, ನಿನ್ನ ತಮ್ಮ ಸಿಕ್ಕ ಎಂದೆ. ಆ ನಗು ಅಲ್ಲೇ ನಿಂತುಹೋಯಿತು.

‘ಅಂವನ ಮುಂದ ಏನ್ ಹೇಳಿದ್ರಿ?’

ಹೇಳಿದ್ದನ್ನು ಹೇಳಿದೆ.

‘ಘಾತ ಆತಲ್ರೀ ಅಕ್ಕೋರ!’ ಎಂದು ಶಾಂತವ್ವ ಈರುಳ್ಳಿಯ ರಾಶಿಯ ಮೇಲೇ ಕುಸಿದು ಕೂತಳು. ‘ಅಂವಗ ಇಕಿನ್ನ ಕೊಡೂದು ಅಂತ ಮಾತಾಗ್ಯದ್ರಿ. ಲಾಕ್‌ಡೌನಿನ್ಯಾಗ ಕೂಲಿ ನಿಂತಾಗ ಅಂವನ ಅನ್ನ ಹಾಕಿದ್ದು, ಒಲ್ಲೆ ಅನ್ನಾಕ ನನಗ ಬಾಯಿಲ್ಲ. ಸಾಲಿ ಮುಗೀಲೆಪಾ ಅಂದೆ. ಸಾಲಿ ಮುಚ್ಚೇ ಹೋಗ್ಯದಲ್ಲಕ್ಕಾ, ಇನ್ನ ಯಾಕ ತಡ ಅಂದ. ಇಲ್ಲ, ಮೊಬೈಲಿನ್ಯಾಗ ನಡದದ ಅಂದೆ. ನೀವು ದಿನಾ ಹೆಸರು ಕೂಗ್ತಿದ್ರಲ್ಲ, ಅದನ್ನ ಹಂಗ ಅಂವಗ ಕಳಸ್ತಿದ್ಲು ಇಕಿ. ಕೇಳಿ ಸುಮ್ನಾಗ್ತಿದ್ದ.’

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಸೋದರಮಾವನಿಗೆ? ಸಿದ್ದಪ್ಪನ ಕಡೆ ತಿರುಗಿದೆ. ಅವನು ನೆಲ ನೋಡುತ್ತಾ, ‘ನಮ್ಮ ಕಡೆ ನಡೀತದ್ರಿ. ಅದಕ್ಕ ನಾ ಕೆಮ್ಮಿದ್ದು. ಖಾತ್ರಿ ಇರಲಿಲ್ಲ, ಆಮ್ಯಾಲ ಹೇಳಿ ಏನುಪಯೋಗ ಅಂತ ಬಿಟ್ಟೆ’ ಎಂದ. ಒಂದೂವರೆ ವರ್ಷ ದಿನಾ ಬೆಳಿಗ್ಗೆ ನನ್ನ ದನಿ ಒಂದು ಮದುವೆಯನ್ನು ತಡೆದು ನಿಲ್ಲಿಸಿತ್ತು, ನನಗೆ ಗೊತ್ತಿರಲಿಲ್ಲ. ಅದನ್ನು ನಾನೇ ನಾಲ್ಕು ಮಹಡಿ ಹತ್ತಿ, ಚಹಾ ಕುಡಿದು, ಕೆಡಿಸಿ ಬಂದಿದ್ದೆ. ಅದೂ ಸುಳ್ಳು ಹೇಳಿ. ಬರೆದಿಲ್ಲ ಎಂದ ಒಂದೊಂದು ಅಕ್ಷರವೂ ನನ್ನ ಕೈಯಲ್ಲಿತ್ತು.

ಆಗಲೇ ಫೋನ್ ಹೊಡೆದುಕೊಂಡಿತು. ಮಲ್ಲೇಶಿಯದೇ. ಶಾಂತವ್ವ ಎತ್ತಲಿಲ್ಲ, ನನ್ನ ಕೈಗೆ ಕೊಟ್ಟಳು. ಕರಕರ ಸದ್ದಿನ ನಡುವೆ ಕೂಗಿ ಹೇಳಿದೆ: ತುರ್ಭೆಯ ಈರುಳ್ಳಿ ಮಾರ್ಕೆಟ್ಟಿನಲ್ಲಿ ಇವರ ಜೊತೆಗೇ ಇದ್ದೇನೆ, ನಾನು ಹೇಳಿದ್ದು ತಪ್ಪು, ಅವಳು ಎಲ್ಲ ಬರೆದಿದ್ದಾಳೆ, ಅವಳಿಗಿನ್ನೂ ಹದಿನೈದು, ಹದಿನೆಂಟಾಗದೆ ಮದುವೆ ಮಾಡಿದರೆ ಪೊಲೀಸರವರೆಗೆ ಹೋಗುತ್ತೇನೆ.

‘ಕಾಯ್ದೆ ನನಗೂ ಗೊತ್ತದರಿ ಅಕ್ಕೋರ’ ಎಂದ ಮಲ್ಲೇಶಿ. ‘ಸಾಲಿ ನಡದದ ಅಂತ ಅಕ್ಕ ಸುಳ್ಳು ಹೇಳಿದ್ಲಲ್ಲ, ಅದು ಸೇರಲಿಲ್ಲ ನನಗ. ಸಂಜೀಕ ಟೆಂಪೊ ತಗೊಂಡು ಅಲ್ಲಿಗೇ ಬರ್ತೀನಿ ಅನ್ನರಿ. ಸಾಮಾನು ಕಟ್ಟಿ ಇಡಲಿ.’

ಪೊಲೀಸರ ಮಾತು ಬೇಡವೇ ಬೇಡ, ಅವನು ತನ್ನ ಬೆನ್ನಿಗೆ ಬಿದ್ದ ತಮ್ಮ ಎಂದು ಶಾಂತವ್ವ ಕಾಲು ಹಿಡಿಯಲು ಬಂದಳು. ರೇಣುಕಾ ಪುನಃ ಕೂತು ಈರುಳ್ಳಿ ಆರಿಸತೊಡಗಿದಳು. ಐರೋಲಿ ಮಾರ್ಗವಾಗಿ ಹೋಗುವ ಬಸ್ಸಿನಲ್ಲಿ ನಾವು ಠಾಣೆಗೆ ಮರಳಿದೆವು. ಹತ್ತನೆಯ ಪತ್ರ ನನ್ನ ಚೀಲದಲ್ಲಿತ್ತು. ಭಾನುವಾರ ಇಡೀ ದಿನ ಶಾಂತವ್ವನ ಫೋನ್ ಬಂದ್.

ಸೋಮವಾರ ಏಳೂವರೆಗೇ ಗೇಟಿನಲ್ಲಿ ನಿಂತೆ. ಸಿದ್ದಪ್ಪ ಪಿಸ್ತೂಲು ಹಿಡಿದು ಒಬ್ಬೊಬ್ಬರ ಹಣೆ ನೋಡಿ ಒಳಗೆ ಬಿಡುತ್ತಿದ್ದ. ಒಂಬತ್ತು ಮಕ್ಕಳು ಬಂದು ಕೂತರು. ಎಂಟಕ್ಕೆ ಎರಡು ನಿಮಿಷ ಇದೆ ಎನ್ನುವಾಗ ರಸ್ತೆ ತಿರುವಿನಲ್ಲಿ ಮಲ್ಲೇಶಿ ಕಂಡ, ಎರಡು ಹೆಜ್ಜೆ ಹಿಂದೆ ಯೂನಿಫಾರ್ಮಿನಲ್ಲಿ ರೇಣುಕಾ. ಲಂಗ ಮೊಣಕಾಲಿನವರೆಗೂ ಬರುತ್ತಿರಲಿಲ್ಲ, ಕೆಳಗೆ ಯಾರದೋ ಪ್ಯಾಂಟು ತೊಟ್ಟಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

‘ದಿವಾದಿಂದ ದಿನಾ ನಾನ ಕರಕೊಂಡು ಬರ್ತೀನ್ರಿ’ ಎಂದ ಮಲ್ಲೇಶಿ. ‘ಸಾಲಿ ತೆರದಿರೂತನಕ ಲಗ್ನದ ಮಾತು ಎತ್ತಂಗಿಲ್ಲ, ಅಕ್ಕಗ ವಚನ ಕೊಟ್ಟೀನಿ. ಆದ್ರ ಮೊಬೈಲ್ ಸಾಲಿ ಇನ್ನ ನಾ ನಂಬಂಗಿಲ್ಲ. ಬಾಗಿಲ ಕಣ್ಣಿಗೆ ಕಾಣಬೇಕು.’ ಆಮೇಲೆ ಮಾಸ್ಕು ಸರಿಮಾಡಿಕೊಂಡು, ಪಾಪ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ:

‘ಮತ್ತ ಮುಚ್ಚಂಗಿಲ್ಲಲ್ರೀ ಅಕ್ಕೋರ?’

ಸಿದ್ದಪ್ಪ ರೇಣುಕಾಳ ಹಣೆಗೆ ಪಿಸ್ತೂಲು ಹಿಡಿದಿದ್ದ. ಅದರ ಪಕ್ಕದಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ಮುಂದಿನ ವಾರ ಶಾಲೆ ನಡೆಯುತ್ತದೋ ಇಲ್ಲವೋ ಎಂದು ನಮ್ಮ ಹೆಡ್‌ಮಾಸ್ಟರರಿಗೂ ಗೊತ್ತಿರಲಿಲ್ಲ.

‘ಇಲ್ಲ, ಮುಚ್ಚುವುದಿಲ್ಲ’ ಎಂದೆ.