ಕೊನೆಯ ಸೈಕಲ್ಲಿನ ಹಿಂದೆ ಬಂದ ವ್ಯಾನು

ಸೈಕಲ್ ರೇಸು ನೋಡಲು ರಸ್ತೆ ಬದಿಯಲ್ಲಿ ನಿಲ್ಲುವವರ ಬಗ್ಗೆ ನನಗೆ ಮೊದಲೆಲ್ಲ ಬಹಳ ತಾತ್ಸಾರವಿತ್ತು. ಬೆಳಿಗ್ಗೆಯಿಂದ ಬಿಸಿಲಲ್ಲಿ ಕಾಯಬೇಕು, ಅವರು ಬಂದು ಹೋಗುವುದು ಒಂದು ಸೀನು ಸೀನುವಷ್ಟು ಹೊತ್ತು. ಅದೇ ಹೊತ್ತಿಗೆ ನಿಮಗೆ ನಿಜವಾಗಿಯೂ ಸೀನು ಬಂತೋ, ಮುಗಿಯಿತು ಕಥೆ. ಇವರಿಗೆಲ್ಲ ಮನೆಯಲ್ಲಿ ಕೆಲಸವಿಲ್ಲವೇ ಎಂದು ಬೈದವಳು ನಾನು. ಆದರೆ ಹೆತ್ತ ಮಗಳೇ ಸೈಕಲ್ ಹತ್ತಿದ ಮೇಲೆ ಏನು ಮಾಡುವುದು? ನಾನೂ ಕೊಡೆ ಹಿಡಿದು ನಿಂತೆ.

ಆ ಸಲದ ರೇಸು ನಮ್ಮ ಮನೆಯ ಮುಂದೆಯೇ ಹಾದುಹೋಗುವುದಿತ್ತು, ಅದೂ ಎರಡು ಸಲ. ರಾಮನಗುಳಿಯಿಂದ ಹೊರಟು ಅಂಕೋಲೆಗೆ ಬಂದು, ಹೆದ್ದಾರಿ ಹಿಡಿದು ಕಾರವಾರಕ್ಕೆ ಹೋಗಿ, ತಿರುಗಿ ಬಂದು ಅಂಕೋಲೆಯಲ್ಲಿ ಮುಗಿಸಬೇಕು. ನಮ್ಮ ಮನೆ, ಕಾರವಾರದಿಂದ ಬರುವಾಗ ಅಂಕೋಲೆ ಇನ್ನೇನು ಬಂತು ಎನ್ನುವಲ್ಲಿ, ಭಾವಿಕೇರಿ ಕಡೆ ತಿರುಗುವಲ್ಲಿ ಹೆದ್ದಾರಿಗೆ ತಾಗಿಕೊಂಡೇ ಇದೆ.

ಹಿಂದಿನ ಎರಡು ರೇಸುಗಳನ್ನು ಮಗಳು ಅರ್ಧಕ್ಕೇ ಬಿಟ್ಟಿದ್ದಳು. ಎಲ್ಲರಿಗಿಂತ ಹಿಂದೆ ಒಂದು ವ್ಯಾನು ಬರುತ್ತದೆ. ಇನ್ನು ನನ್ನಿಂದಾಗದು ಎಂದವರನ್ನು ಸೈಕಲ್ ಸಮೇತ ತುಂಬಿಕೊಂಡು ಬರುವುದು ಅದರ ಕೆಲಸ. ಮಗಳು ಅದಕ್ಕೆ ‘ಕಸದ ಗಾಡಿ’ ಎಂದು ಹೆಸರಿಟ್ಟಿದ್ದಳು. ಎರಡು ಸಲವೂ ಅದರಲ್ಲೇ ಬಂದಿಳಿದು, ಮನೆಯಲ್ಲಿ ಯಾರ ಹತ್ತಿರವೂ ಮಾತಾಡದೆ ಮುಸುಕೆಳೆದು ಮಲಗಿದ್ದಳು.

“ಆಯಿ, ಈ ಸಲನೂ ಕಸದ ಗಾಡಿ ಹತ್ತಿದ್ರೆ ಸೈಕಲ್ ಮಾರೂದೇ. ಆಮೇಲೆ ನನ್ ಹತ್ರ ರೇಸಿನ ಸುದ್ದಿ ತೆಗೂದು ಬೇಡ” ಎಂದು ಹೊರಡುವಾಗ ಹೇಳಿ ಹೋಗಿದ್ದಳು. ಹೇಳಿದ ಮೇಲೆ ಮಾಡಿಯೇ ತೀರುವ ಹುಡುಗಿ. ನನ್ನ ಹಟವೆಲ್ಲ ಅವಳಿಗೇ ಹೋಗಿದೆ. ನನಗೆ ಪದಕ ಬೇಡ, ಹಾರ ಬೇಡ, ಕೊನೆಯವಳಾಗಿಯಾದರೂ ಸರಿ, ಅವಳು ಪೂರ್ತಿ ಮುಗಿಸಿದರೆ ಸಾಕಿತ್ತು.

ನನ್ನ ಗಂಡನಿಗೆ ಅಂಥ ಚಿಂತೆಯೇನೂ ಇರಲಿಲ್ಲ. ಅವರು ಮೊಬೈಲಿನಲ್ಲಿ ಪರದೇಶದ ರೇಸು ನೋಡಿ ನೋಡಿ ಪಂಡಿತರಾಗಿದ್ದರು. ಅಲ್ಲಿ ಜನ ರಸ್ತೆಯ ಮೇಲೇ ದೊಡ್ಡದಾಗಿ ಬರೆಯುತ್ತಾರಂತೆ. ಅವರ ಕಾಟ ತಾಳಲಾರದೆ ನಾನು ಬೆಳಗಾಗುತ್ತಲೇ ಹೆದ್ದಾರಿಯಲ್ಲಿ ಬಗ್ಗಿ ರಂಗೋಲಿಯಲ್ಲಿ ‘ಹೊಡಿ ಮಗಾ’ ಎಂದು ಬರೆದೆ. ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಬೇಲೆಕೇರಿಯಿಂದ ಬಂದ ಮೀನಿನ ಟೆಂಪೋ ನೀರು ಸುರಿಸುತ್ತ ಅದರ ಮೇಲೇ ಹೋಯಿತು. ಉಳಿದದ್ದು ಬರೀ ‘ಹೊ’.

ಅತ್ತೆಯವರ ಯೋಚನೆಯೇ ಬೇರೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೇಳುವುದೇ “ಆಸರಿಗೆ ಎಂತ ಬೇಕು?” ಎಂದು. ನೀರು ಬೆಲ್ಲವೋ, ಮಜ್ಜಿಗೆಯೋ, ಏನೋ ಒಂದು ಗಂಟಲಿಗೆ ಇಳಿಯದ ಹೊರತು ಬಿಡುವುದಿಲ್ಲ. ಕುಡಿಯದೆ ಹೋದವರನ್ನು ಅತ್ತೆ ಮರೆಯುವವರೇ ಅಲ್ಲ.

“ಇಷ್ಟೆಲ್ಲಾ ಮಕ್ಳು ಮನೆ ಮುಂದೆ ಹೋಗೂದು, ಆಸರಿಗೆ ಎಂತ ಮಾಡ್ದೆ?” ಎಂದು ನನ್ನನ್ನೇ ಕೇಳಿದರು.

“ಅವ್ರು ನಿಲ್ಲೂದಿಲ್ಲ ಅತ್ತೆ, ಅದು ರೇಸು.”

“ನಿಲ್ಲೂದಿಲ್ಲ ಅಂದ್ರೆ? ನಮ್ಮನೆ ನೀರು ಅವ್ರಿಗೆ ಆಗೂದಿಲ್ವಾ?”

ದೊಡ್ಡ ಪಾತ್ರೆಯ ತುಂಬ ಕೋಕಂ ಶರಬತ್ತು ತಯಾರಾಯಿತು.

ಅಷ್ಟರಲ್ಲಿ ಬಂದೇ ಬಿಟ್ಟರು. ಸರ್ರೆಂದು ಒಂದು ಗಾಳಿ, ಬಣ್ಣಬಣ್ಣದ ಬೆನ್ನುಗಳು, ಅಷ್ಟೇ. ಎಲ್ಲರಿಗೂ ಟೊಪ್ಪಿ, ಎಲ್ಲರಿಗೂ ಕಪ್ಪು ಕನ್ನಡಕ. ನಾನು “ಹೊಡಿ ಮಗಾ!” ಎಂದು ಜೀವ ಹೋಗುವ ಹಾಗೆ ಕೂಗಿದ್ದು ಯಾರ ಮಗಳಿಗೋ ದೇವರಿಗೇ ಗೊತ್ತು. ಗಂಡ ತೆಗೆದ ವಿಡಿಯೋದಲ್ಲಿ ಅವರ ಹೆಬ್ಬೆರಳು ಚೆನ್ನಾಗಿ ಬಂದಿದೆ.

“ಇಷ್ಟೇಯಾ?” ಎಂದರು ಅತ್ತೆ, ತಂಬಿಗೆ ಹಿಡಿದುಕೊಂಡೇ.

ಕಾರವಾರದಿಂದ ತಿರುಗಿ ಬರುವವರಿಗಾಗಿ ಕಾದೆವು. ಮುಂದಿನ ಗುಂಪು ಬಂತು, ಅದರಲ್ಲಿ ಇಲ್ಲ. ಮತ್ತೊಂದು ಗುಂಪು, ಅದರಲ್ಲೂ ಇಲ್ಲ. ಆಮೇಲೆ ಒಬ್ಬೊಬ್ಬರೇ ಬಂದರು, ಆಮೇಲೆ ಯಾರೂ ಇಲ್ಲ. ಗಂಡ ಮೊಬೈಲು ಕಿಸೆಗೆ ಹಾಕಿದರು. ಕಾರವಾರದ ಈಚೆಯ ಬಿಣಗಾ ಘಾಟಿಯ ಏರಿನಲ್ಲೇ ವ್ಯಾನು ಹತ್ತಿರಬೇಕು ಎಂದುಕೊಂಡು ನಾನು ಕೊಡೆ ಮಡಚಿದೆ.

ಆಗ ಅವಳು ಕಂಡಳು. ಒಬ್ಬಳೇ. ಕುತ್ತಿಗೆ ಜೋತು ಬಿದ್ದಿತ್ತು, ಸೈಕಲ್ಲು ಅತ್ತಿತ್ತ ವಾಲುತ್ತಿತ್ತು. ಬೆನ್ನಿಗೇ ಆ ಹಾಳು ವ್ಯಾನು. ಡ್ರೈವರ್ ಪಕ್ಕ, ಕೊರಳಿಗೆ ಸೀಟಿ ಹಾಕಿಕೊಂಡು ಕೂತ ರೇಸಿನ ಸಾಹೇಬರು ಕಿಟಕಿಯಿಂದ ತಲೆ ಹಾಕಿ, ಬರ್ತೀಯಾ ಎನ್ನುವ ಹಾಗೆ ನೋಡುತ್ತಿದ್ದರು.

“ಹಿಂದೆ ನೋಡ್ಬೇಡ! ತುಳಿ!” ಎಂದು ಕೂಗಿದೆ. ಅವಳು ನಮ್ಮ ಕಡೆ ನೋಡದೆ ಮುಂದೆ ಹೋದಳು.

ಆದರೆ ಅತ್ತೆ ನೋಡಿದ್ದು ಮೊಮ್ಮಗಳನ್ನಲ್ಲ, ವ್ಯಾನನ್ನು. ಮನೆ ಮುಂದೆ ಯಾವುದಾದರೂ ಗಾಡಿ ಇಷ್ಟು ನಿಧಾನವಾಗಿ, ಒಳಗಿನವರು ಕತ್ತು ಹೊರಗೆ ಹಾಕಿಕೊಂಡು ಬಂತೆಂದರೆ ಅದು ನಮ್ಮಲ್ಲಿಗೇ ಬಂದದ್ದು. ಅವರ ಲೆಕ್ಕದಲ್ಲಿ ಬೇರೆ ಅರ್ಥವೇ ಇಲ್ಲ. ಸೀದಾ ಹೆದ್ದಾರಿಗಿಳಿದು ವ್ಯಾನಿನ ಎದುರು ನಿಂತರು.

“ಬನ್ನಿ ಬನ್ನಿ, ಮನೆ ಇದೇ!”

“ಅಜ್ಜೀ, ಸರೀರಿ, ರೇಸು ನಡೀತಾ ಇದೆ” ಎಂದರು ಸಾಹೇಬರು.

“ನಡೀಲಿ. ಆಸರಿ ಕುಡಿದು ಹೋಗಿ. ನಿಮ್ದು ಯಾವೂರಾಯ್ತು ತಮಾ?”

ಅಲ್ಲೇ ಸಾಹೇಬರು ಕೆಟ್ಟರು. ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದರೇನೋ. ಹೆಂಡತಿಯ ತವರು ರಾಮನಗುಳಿ ಎಂದುಬಿಟ್ಟರು. ಯಾರ ಮನೆ, ಯಾರ ಪೈಕಿ, ಎಷ್ಟನೆಯ ಮಗಳು ಎಂದು ವಿಚಾರಣೆ ನಡೆದು, ಅತ್ತೆ ಎದೆಗೆ ಕೈಯಿಟ್ಟುಕೊಂಡರು.

“ಅಯ್ಯೋ ದೇವ್ರೇ! ಹಾಗಾದ್ರೆ ನೀವು ನಮ್ಮನೆ ಅಳಿಯ ಆಗ್ಬೇಕು! ಅಳಿಯ ಬಂದು ಬರೀ ಶರಬತ್ತು ಕುಡಿದು ಹೋಗೂದುಂಟಾ? ತಂಗೀ, ಅವಲಕ್ಕಿ ತಾರೇ!”

ತಂಗಿ ಅಂದರೆ ನಾನು. ರೇಸಿನ ನಿಯಮ ಗಿಯಮ ನನಗೆ ಗೊತ್ತಿಲ್ಲ. ಅವಲಕ್ಕಿ ತರಲು ಒಳಗೆ ಹೋದೆ. ಡಬ್ಬ ಕಣ್ಣೆದುರಿಗೇ ಇತ್ತು. ಬಹಳ ಹೊತ್ತು ಹುಡುಕಿದೆ.

ಅಳಿಯಂದಿರು ಡ್ರೈವರ್ ಜೊತೆ ಜಗುಲಿಯಲ್ಲಿ ಕೂತು ತಿನ್ನತೊಡಗಿದ್ದೇ ತಡ, ನಾನೂ ಗಂಡನೂ ಒಳದಾರಿಯಲ್ಲಿ ಸ್ಕೂಟರ್ ಓಡಿಸಿಕೊಂಡು ಅಂಕೋಲೆಗೆ ಹೋದೆವು. ಅಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಗೆದ್ದವರು ಬಾಳೆಹಣ್ಣು ತಿಂದು ಮುಗಿಸಿದ್ದರು. ಕಾದೆವು, ಕಾದೆವು. ಕೊನೆಗೆ ಅವಳು ಬಂದಳು. ಸೈಕಲ್ ಮೇಲೆಯೇ ಬಂದಳು! ಗಂಡ ಚಪ್ಪಾಳೆ ತಟ್ಟುತ್ತಲೇ ಅತ್ತುಬಿಟ್ಟರು. ನಾನು ಅವಳ ಬೆವರು, ಧೂಳು ಯಾವುದನ್ನೂ ನೋಡದೆ ತಬ್ಬಿಕೊಂಡೆ.

“ಮುಗಿಸ್ದೆಯಲ್ಲೇ ಮಗಾ!”

ಅವಳು ನನ್ನನ್ನು ಬಿಡಿಸಿಕೊಂಡಳು. “ಎಂತ ಮುಗಿಸೂದು ಆಯಿ? ಮನೆ ಕಂಡಲ್ಲೇ ಕಾಲು ಸತ್ತು ಹೋಗಿದ್ವು. ನಿಮ್ ಎದುರಿಗೆ ಗಾಡಿ ಹತ್ತೂಕೆ ನಾಚಿಕೆ ಆಯ್ತು. ಸ್ವಲ್ಪ ಮುಂದೆ ಹೋಗಿ ಇಳಿದು, ಕೈ ಮಾಡ್ವಾ ಅಂತ ತಿರುಗಿದ್ರೆ ಹಿಂದೆ ಗಾಡಿನೇ ಇಲ್ಲ!”

“ಮತ್ತೆ?”

“ಮತ್ತೆಂತ? ಕಾದೆ. ಬರ್ಲೇ ಇಲ್ಲ. ಬಿಸಿಲಲ್ಲಿ ಎಷ್ಟೊತ್ತು ನಿಲ್ಲೂದು? ಹೇಗೂ ಅಂಕೋಲೆಗೆ ಬರ್ಬೇಕಲ್ದಾ, ತುಳಿದೆ.”

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಸಾಹೇಬರು ಬಾಯಿ ಒರೆಸಿಕೊಳ್ಳುತ್ತ ಇಳಿದು ಬಾಗಿಲು ತೆಗೆದರು. ಒಳಗಿನಿಂದ ತಂಬಿಗೆ ಹಿಡಿದು ಅತ್ತೆ ಇಳಿದರು.

“ಎಲ್ಲಾ ಕುಡಿದ್ರು, ನಮ್ಮ ಕೂಸೊಂದೇ ಆಸರಿ ಕುಡೀದೇ ಹೋಯ್ತಲ್ಲೇ!”

ಮಗಳು ಅಜ್ಜಿಯನ್ನು ನೋಡಿದಳು, ವ್ಯಾನು ನೋಡಿದಳು, ಸಾಹೇಬರ ಮೀಸೆಯಲ್ಲಿದ್ದ ಅವಲಕ್ಕಿ ನೋಡಿದಳು. ಎಲ್ಲ ಅರ್ಥವಾಯಿತು. ತಂಬಿಗೆ ಎತ್ತಿ ಗಟಗಟ ಖಾಲಿ ಮಾಡಿ, ಸಿಟ್ಟಿನಿಂದ ಹೇಳಿದಳು:

“ಅಜ್ಜೀ, ಮುಂದಿನ ರೇಸಿಗೆ ನೀನು ರಸ್ತೆಗೆ ಬರೂದೇ ಬೇಡ. ಗಾಡಿ ಹಿಂದಿದ್ರೂ ನಾನು ಮುಗಿಸ್ತೆ.”

ಅತ್ತೆಗೆ ಬೇಸರವಾಯಿತು. ನನಗೆ ಕೇಳಿಸಿದ್ದು ಮಾತ್ರ ‘ಮುಂದಿನ ರೇಸು’ ಎಂಬುದೊಂದೇ.