ನನಗೆ ಬೋರ್ಡು ಕಲಿಸಿದ ಮಿಸ್

ತಮ್ಮ ಮೇಜಿನ ಮುಂದೆ ಮೌಸ್ ಹಿಡಿದು ಕೂತಾಗ ಮಿಸ್ ಅವರ ಕಿರುಬೆರಳು ಮೇಲೆದ್ದಿರುತ್ತಿತ್ತು, ಬಿಸಿ ಕಾಫಿ ಲೋಟ ಹಿಡಿದವರ ಹಾಗೆ. ಆ ಬೆರಳು ನೋಡಿದರೇ ನನಗೆ ಮೈ ಉರಿಯುತ್ತಿತ್ತು. ಅವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ನನಗೆ ನಲವತ್ತೈದು. ಕಲಾಸಿಪಾಳ್ಯದ ಅಂಗಡಿಗಳಿಗೆ ಇಪ್ಪತ್ತು ವರ್ಷ ಬ್ರಷ್ಷಿನಲ್ಲಿ ಬೋರ್ಡು ಬರೆದಿದ್ದೆ. ಫ್ಲೆಕ್ಸ್ ಬಂದು ನನ್ನನ್ನು ಶ್ರೀರಾಂಪುರದ ಮನೆಯಲ್ಲಿ ಕೂರಿಸಿತ್ತು. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಕಲಿತು ಬಂದರೆ ಕೆಲಸ ಕೊಡುತ್ತೇನೆ ಎಂದು ಮಲ್ಲೇಶ್ವರದ ಫ್ಲೆಕ್ಸ್ ಅಂಗಡಿಯವರು ಹೇಳಿದ್ದರು. ಬೇರೆ ದಾರಿಯಿಲ್ಲದೆ ಚಾಮರಾಜಪೇಟೆಯ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿದೆ. ಅಲ್ಲಿ ಕಲಿಸುತ್ತಿದ್ದವರೇ ಈ ಮಿಸ್.

ಹೊಸಬರಿಗೆ ಮಿಸ್ ಕೊಡುತ್ತಿದ್ದ ಮೊದಲ ಪ್ರಾಜೆಕ್ಟು ಏನು ಗೊತ್ತೇ? ಒಂದು ಅಂಗಡಿ ಬೋರ್ಡು! ಕಾಲೇಜು ಹುಡುಗಿಯರು ಒಂದೇ ದಿನದಲ್ಲಿ ಮುಗಿಸಿ ಎದ್ದರು. ನಾನು ಎರಡು ವಾರ ಒದ್ದಾಡಿದೆ. ಒಂದು ಸಲವಾದರೂ ಮಿಸ್ ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಮಾಡಿಕೊಟ್ಟವರಲ್ಲ. ಹಿಂದೆ ನಿಂತು, "ಇನ್ನೊಂದ್ಸಲ ಮಾಡಿ ಸಾರ್. ಕೆಟ್ರೆ ಅಳಿಸೋಣ, ಏನ್ ಗಂಟು ಹೋಗುತ್ತೆ?" ಅನ್ನುವರು.

ಒಂದು ದಿನ ಅಕ್ಷರ ಸಾಲಿಗೆ ಕೂರದೆ ತಲೆ ಕೆಟ್ಟುಹೋಯಿತು. ಗೆರೆ ಹಾಕಿಕೊಳ್ಳದೆ ಬೋರ್ಡು ಬರೆದು ನನಗೆ ಅಭ್ಯಾಸವಿಲ್ಲ. ಜೇಬಿನಲ್ಲಿದ್ದ ಸೀಮೆಸುಣ್ಣ ಒದ್ದೆ ಮಾಡಿ ಮಾನಿಟರಿನ ಗಾಜಿನ ಮೇಲೆಯೇ ಎರಡು ಗೆರೆ ಎಳೆದೆ. ಪುಟ ಸರಿಸಿದೆ ನೋಡಿ, ಅಕ್ಷರ ಮೇಲೆ ಹೋಯಿತು, ಗೆರೆ ಅಲ್ಲೇ ಉಳಿಯಿತು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ನನ್ನ ಸಿಟ್ಟೆಲ್ಲ ಮಿಸ್ ಮೇಲೆ ತಿರುಗಿತು.

"ನನ್ ಮಗಳ ವಯಸ್ಸಮ್ಮ ನಿಂಗೆ! ಬೋರ್ಡ್ ಬರಿಯೋದು ನನಗೇ ಕಲಿಸ್ತೀಯಾ?"

ಅವರ ಕಣ್ಣಲ್ಲಿ ನೀರು ಬಂತು. ಆದರೂ ಗಾಜು ಒರೆಸಿ, "ಗೆರೆ ಬೇಕು ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಸಾರ್? ಇಲ್ಲೂ ಇದೆ. ಮೇಲಿರೋ ಸ್ಕೇಲ್ ಒತ್ತಿ ಹಿಡ್ಕೊಂಡು ಕೆಳಕ್ಕೆ ಎಳೀರಿ" ಅಂದರು. ಎಳೆದೆ. ಪುಟದ ಉದ್ದಕ್ಕೂ ಒಂದು ಗೆರೆ ಬಂತು. ಅಂದು ಸಂಜೆಯೊಳಗೆ ನನ್ನ ಬೋರ್ಡು ಮುಗಿಯಿತು.

ಮುಂದಿನ ತಿಂಗಳೇ ಕೆಲಸ ಸಿಕ್ಕಿತು. ಹೋಗಿ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮುಖ ತೋರಿಸಲು ನಾಚಿಕೆಯಾಗಿ ಇವತ್ತು, ನಾಳೆ ಎಂದು ತಳ್ಳುತ್ತಲೇ ಬಂದೆ.

ವರ್ಷದ ಮೇಲೆ ಆ ಸೆಂಟರಿನವರೇ ನಮ್ಮ ಅಂಗಡಿಗೆ ಬಂದು, ಶ್ರದ್ಧಾಂಜಲಿ ಫ್ಲೆಕ್ಸ್ ಬೇಕು ಎಂದು ಫೋಟೋ ಕೊಟ್ಟರು. ಮಿಸ್ ಫೋಟೋ. ಜ್ವರವೆಂದು ಆಸ್ಪತ್ರೆಗೆ ಸೇರಿದವರು ಮನೆಗೆ ಬರಲಿಲ್ಲವಂತೆ.

ಬೇರೆಯವರ ಕೈಗೆ ಕೊಡದೆ ನಾನೇ ಕೂತು ಮಾಡಿದೆ. ಹೆಸರನ್ನು ನಾಲ್ಕು ಸಲ ಅಳಿಸಿ ಬರೆದೆ. ಅವರು ಬದುಕಿದ್ದಾಗ ಎರಡು ಬಸ್ಸು ಹತ್ತಿ ಹೋಗಿ ಒಂದು ಮಾತು ಹೇಳಲಾಗದ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.