ವೈರಿನಲ್ಲಿ ಇರದ ದೋಷ

ಈರಪ್ಪಣ್ಣ, ದೋಷ ವೈರಿನಲ್ಲಿ ಇರಲಿಲ್ಲ. ಅದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮನೆಯ ವೈರನ್ನು ಎರಡು ಸಲ ಬದಲಿಸಿದೆ, ಎರಡು ಸಲವೂ ಸುಳ್ಳು ಹೇಳಿದೆ. ಆ ಸುಳ್ಳು ನಂಬಿಕೊಂಡು ನೀವು ದವಾಖಾನೆಗೆ ಹೋಗಲಿಲ್ಲ. ನಿಮ್ಮ ಬಲಗಿವಿ ಹೋದದ್ದು ಹಾಗೆ.

ಇದನ್ನು ಎದುರಿಗೆ ಕೂತು ಹೇಳಬೇಕಿತ್ತು. ಆದರೆ ಈಗ ನಿಮಗೆ ಏನಾದರೂ ಕೇಳಿಸಬೇಕೆಂದರೆ ಕೂಗಬೇಕು. ಕೂಗಿದರೆ ಓಣಿಗೆಲ್ಲ ಕೇಳುತ್ತದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ನನಗೆ ಎಪ್ಪತ್ತೊಂದು ತುಂಬಿತು, ಅಕ್ಷರ ಸೊಟ್ಟಾಗಿವೆ — ಹೊಂದಿಸಿಕೊಂಡು ಓದಿ.

ನಿಮ್ಮ ಅಳಿಯ ಗದಗಿನಿಂದ ಆ ಹಾಡಿನ ಡಬ್ಬಿ ತಂದುಕೊಟ್ಟಾಗ ನೀವು ಎಷ್ಟು ಹಿಗ್ಗಿದ್ದಿರಿ! ಇಂಟರ್‌ನೆಟ್ಟಿನಿಂದ ಬೇಕಾದ ಹಾಡು ಎಳೆದು ನಿಮ್ಮ ಹಳೆಯ ಆಂಪ್ಲಿಫೈಯರಿಗೆ ಕೊಡುವ ಡಬ್ಬಿ. ಆದರೆ ನರಗುಂದದ ಗುಡ್ಡದ ಕಲ್ಲಿನಲ್ಲಿ ಕಟ್ಟಿದ ನಿಮ್ಮ ಮನೆಯ ಗೋಡೆ ಎರಡು ಮೊಳ ದಪ್ಪ. ವೈಫೈ ಪಡಸಾಲೆ ದಾಟಿ ನಡುಮನೆಗೆ ಬರುತ್ತಿರಲಿಲ್ಲ. ಮೊದಲಿನಿಂದ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ನಾನು ಆ ಹೊತ್ತಿಗೆ ಮನೆಮನೆಗೆ ನೆಟ್ಟಿನ ವೈರು ಎಳೆಯುತ್ತಿದ್ದೆ. ನಿಮಗೂ ಬೂದು ಬಣ್ಣದ ಸಾದಾ ವೈರು ಎಳೆದುಕೊಟ್ಟೆ. ಹಾಡು ಬಂತು. ಕಣ್ಣು ಮುಚ್ಚಿ ಕೇಳಿದಿರಿ.

ಆರು ತಿಂಗಳ ಮೇಲೆ ಮತ್ತೆ ಕರೆಸಿದಿರಿ.

"ಸಂಗ್ಯಾ, ಹಾಡು ಮಂಕ ಆಗ್ಯಾವೋ. ತಾಳದ ದನಿನ ಕೇಳ್ಸವಲ್ದು. ಕಂಬಳಿ ಹೊಚ್ಕೊಂಡು ಹಾಡಿದಂಗ ಆಗತೈತಿ."

ನೀಲವ್ವ ವೈನಿ ಅಡುಗೆಮನೆಯಿಂದಲೇ ಅಂದರು: "ನಾ ಕರದದ್ದೂ ಕೇಳಾಂಗಿಲ್ರಿ ಇವರಿಗೆ. ನನಗೂ ಒಂದ ವಾಯರ್ ಎಳೀರಿ, ಸಂಗಪ್ಪಣ್ಣ."

ಮೂವರೂ ನಕ್ಕೆವು. ನಗುತ್ತಲೇ ನಾನು ನಿಮ್ಮ ಬಲಗಿವಿಯಲ್ಲಿದ್ದ ಹತ್ತಿ ನೋಡಿದೆ. ಅದರ ಅಂಚು ಹಳದಿಯಾಗಿತ್ತು. ಎಡಗಿವಿ ನಿಮಗೆ ಸಣ್ಣಂದಿನಿಂದಲೂ ಮಂದ — ಅದೂ ನನಗೆ ಗೊತ್ತಿದ್ದದ್ದೇ.

ವೈರಿನ ಗುಣ ನನಗೆ ತಿಳಿಯದ್ದಲ್ಲ. ರೇಡಿಯೊ ಕಾಲದಲ್ಲಿ ವೈರು ಕೆಟ್ಟರೆ ದನಿ ಕೆಡುತ್ತಿತ್ತು, ಖರೇ. ಈ ವೈರು ಹಾಗಲ್ಲ. ಟಪಾಲಿನವನು ಹರಕು ಅಂಗಿ ತೊಟ್ಟು ಬರಲಿ, ಜರಿ ರುಮಾಲು ಸುತ್ತಿ ಬರಲಿ, ಕಾಗದದೊಳಗಿನ ಅಕ್ಷರ ಬದಲಾಗುವುದಿಲ್ಲ. ಈ ವೈರು ಕೆಟ್ಟರೆ ಹಾಡು ತುಂಡುತುಂಡಾಗುತ್ತದೆ, ಇಲ್ಲವೆ ನಿಂತೇ ಹೋಗುತ್ತದೆ. ಮಂಕಾಗುವುದಿಲ್ಲ. ಹಾಡು ಮಂಕಾಗಿದೆ ಎಂದರೆ — ಮಂಕಾದದ್ದು ಬೇರೆ ಏನೋ.

ಅದು ಏನೆಂದು ಮಠದ ಭಜನೆಯಲ್ಲಿ ಆಗಲೇ ತಿಳಿದುಹೋಗಿತ್ತು. ಸೋಮವಾರದ ಮೇಳದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ನಿಮ್ಮದು, ತಾಳ ನನ್ನದು. ಹಾಡುವವರು ನುಡಿ ಮುಗಿಸಿ ಪಲ್ಲವಿಗೆ ಬಂದರೂ ನಿಮ್ಮ ಪೆಟ್ಟಿಗೆ ನುಡಿಯಲ್ಲೇ ಇರುತ್ತಿತ್ತು. ನಾನು ಉಳಿದವರಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದೆ. ಎಲ್ಲರೂ ಅದೇ ನುಡಿಯನ್ನು ಇನ್ನೊಮ್ಮೆ ಹಾಡುತ್ತಿದ್ದರು. ಪೆಟ್ಟಿಗೆ ಹಿಡಿದ ಹಿರಿಯರನ್ನು ಬಿಟ್ಟು ಮುಂದೆ ಹೋಗಬಾರದು, ಅದು ನಮ್ಮ ಮೇಳದ ರೀತಿ. ನೀವು ಮಾತ್ರ "ಇವತ್ತ ಹಾಡು ಚಲೋ ಬೆಳೀತು" ಎನ್ನುತ್ತಿದ್ದಿರಿ. ನಾವು ಹೂಂ ಅನ್ನುತ್ತಿದ್ದೆವು. ಮರ್ಯಾದೆ ಅಂದುಕೊಂಡಿದ್ದೆವು ಅದನ್ನು...

ಅವತ್ತು ನಿಮ್ಮ ನಡುಮನೆಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಮೊಣಕೈ ತಟ್ಟಿ ತಟ್ಟಿ ನನಗೆ ಲಯ ಕಲಿಸಿದ ನಿಮಗೆ, ಕಿವಿ ಕೇಳುತ್ತಿಲ್ಲ ಅನ್ನುವುದು ಹೇಗೆ? — ಇಲ್ಲ, ಇದೂ ನೆಪ. ಕಿವಿಯ ದೋಷ ಅಂದರೆ ನೀವು ವೈದ್ಯರ ಹತ್ತಿರ ಹೋಗುತ್ತೀರಿ. ವೈರಿನ ದೋಷ ಅಂದರೆ ನನ್ನ ಹತ್ತಿರವೇ ಬರುತ್ತೀರಿ. ಬಾಯಿಗೆ ಬಂದದ್ದು ಇದು:

"ದೋಷ ವಾಯರಿನ್ಯಾಗ ಐತ್ರಿ, ಅಣ್ಣಾರ. ನಿಮ್ಮ ಕಿವಿಗೆ ಏನ್ ಆಗೇತ್ರಿ, ಬಂಗಾರದಂಥಾವ."

ಮರುದಿನ ದಪ್ಪ ನೀಲಿ ವೈರು ತಂದೆ. ನೀವು ಅದರ ತುದಿಯನ್ನು ತಿರುಗಿಸಿ ನೋಡುತ್ತಿದ್ದಾಗ ನಾನು ಬೆನ್ನು ಮರೆ ಮಾಡಿ ಆಂಪ್ಲಿಫೈಯರಿನಲ್ಲಿ ತಾಳದಂಥ ಚೂಪು ದನಿ ಎತ್ತುವ ಟ್ರೆಬಲ್ ಗುಂಡಿಯನ್ನು ಎರಡು ಗೆರೆ, ವಾಲ್ಯೂಮನ್ನು ಒಂದು ಗೆರೆ ಏರಿಸಿದೆ. ಹಾಡು ಹಚ್ಚಿದೆ.

"ಆಹಾ, ಬಂತ ನೋಡು ತಾಳ! ಸಂಗ್ಯಾ, ಊರಾಗ ಕಿವಿ ಇದ್ದ ಮಿಸ್ತ್ರಿ ಅಂದ್ರ ನೀ ಒಬ್ಬನ!"

ಆ ಮಾತು ನನಗೆ ಬೇಕಾಗಿತ್ತು, ಅಣ್ಣ.

ವರ್ಷದೊಳಗೆ ಮತ್ತೆ ಮಂಕಾಯಿತು. ಈ ಸಲ ತುದಿಗೆ ಲೋಹದ ಕವಚವಿದ್ದ ವೈರು ತಂದೆ. ಮತ್ತೆ ಗುಂಡಿ ಏರಿಸಿದೆ. ವೈನಿ ಕಿವಿ ಮುಚ್ಚಿಕೊಂಡು ಬಂದರು. "ಹಿಂಗ ಜೋರ ಹಚ್ಚಿದ್ರ ಗುಡ್ಡದ ಮ್ಯಾಲಿನ ಮಂಗ್ಯಾ ಸೈತ ಭಜನಿಗೆ ಇಳದ ಬರ್ತಾವು!" ಎಂದರು. ಆದರೆ ನಾನು ಹೊರಟಾಗ ಬಾಗಿಲತನಕ ಬಂದು ತಗ್ಗಿದ ದನಿಯಲ್ಲಿ ಹೇಳಿದ್ದು ಬೇರೆ.

"ದವಾಖಾನಿಗೆ ಹೋಗೂಣ ಅಂದ್ರ ಕೇಳವಲ್ರು. ಸಂಗ್ಯಾ ವಾಯರಿನ ದೋಷ ಅಂದಾನ ಅಂತಾರ. ನಿಮ್ಮ ಮಾತಂದ್ರ ಕೇಳ್ತಾರು. ನೀವರ ಒಂದ ಮಾತ ಹೇಳ್ರಿ, ಸಂಗಪ್ಪಣ್ಣ."

"ಹೇಳ್ತೀನ್ರೀ, ವೈನಿ" ಎಂದೆ.

ಹೇಳಲಿಲ್ಲ. ಹೇಳಿದರೆ ಎರಡು ವೈರಿನ ಸುಳ್ಳೂ ಹೊರಗೆ ಬರುತ್ತಿತ್ತು.

ಕೊನೆಗೆ ತಲೆ ತಿರುಗಿ ಬಚ್ಚಲ ಬಾಗಿಲಲ್ಲಿ ಬಿದ್ದಿರಿ. ಹುಬ್ಬಳ್ಳಿಗೆ ಒಯ್ದರು. ಕೀವು ಒಳಗೆ ಇಳಿದು ಕಿವಿಯ ಸಣ್ಣ ಎಲುಬುಗಳನ್ನು ತಿಂದಿದೆ, ಒಳಗಿವಿಯೂ ಕೆಟ್ಟಿದೆ ಎಂದರಂತೆ ವೈದ್ಯರು. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರಂತೆ. ವೈನಿ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲವೋ, ಅಳು ತಡೆದಿದ್ದರೋ — ಗೊತ್ತಿಲ್ಲ.

ಈಗ ಮೇಳದಲ್ಲಿ ಪೆಟ್ಟಿಗೆ ಬೇರೆಯವರು ನುಡಿಸುತ್ತಾರೆ. ನೀವು ಪಕ್ಕದಲ್ಲಿ ಕೂತು ಅದರ ಮೇಲೆ ಅಂಗೈ ಇಟ್ಟಿರುತ್ತೀರಿ. ಹೋದ ಸೋಮವಾರ ಭಜನೆ ಮುಗಿದ ಮೇಲೆ ನನ್ನ ತೋಳು ಹಿಡಿದು, ಓಣಿಗೆಲ್ಲ ಕೇಳುವಂತೆ ಕೇಳಿದಿರಿ:

"ಸಂಗ್ಯಾ, ಈಗ ಇನ್ನೂ ಚಲೋ ವಾಯರ್ ಬಂದಿರಬೇಕಲ್ಲೋ? ಒಂದ್ ಹಾಕಿ ನೋಡೂಣು."

ನಾನು — ಆಗಲಿ ಎಂದು ತಲೆ ಆಡಿಸಿದೆ. ಮೂರನೆಯ ಸಲ.

ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಬರೆದು ನಿಮ್ಮ ಕೈಗೆ ಕೊಟ್ಟರೆ ಭಾರ ಇಳಿದೀತು ಅಂದುಕೊಂಡಿದ್ದೆ. ಬರೆಯುತ್ತ ಬರೆಯುತ್ತ ತಿಳಿಯಿತು, ಇದೂ ಬೆನ್ನು ಮರೆ ಮಾಡಿ ಗುಂಡಿ ತಿರುಗಿಸಿದ ಹಾಗೆಯೇ. ನೀವು ಓದಿ ಮಡಚಿ ಇಟ್ಟುಬಿಡುತ್ತೀರಿ, ಯಾರಿಗೂ ಹೇಳುವುದಿಲ್ಲ. ನಿಮ್ಮ ಸ್ವಭಾವ ನನಗೆ ಗೊತ್ತು.

ಆದ್ದರಿಂದ ಇದನ್ನು ಕೈಗೆ ಕೊಡುವುದಿಲ್ಲ. ಸೋಮವಾರ ನಿಮ್ಮ ಮನೆಗೆ ಬರುತ್ತೇನೆ. ವೈರು ತರುವುದಿಲ್ಲ. ನಿಮ್ಮ ಎಡಗಿವಿಯ ಹತ್ತಿರ ಕೂತು ಈ ಕಾಗದವನ್ನು ಕೂಗಿ ಓದುತ್ತೇನೆ. ವೈನಿಗೆ ಕೇಳಲಿ. ಓಣಿಗೆ ಕೇಳಲಿ. ನಿಮಗೆ ಕೇಳಿಸದ ಸಾಲನ್ನು ಇನ್ನೊಮ್ಮೆ ಓದುತ್ತೇನೆ. ಕೇಳಿಸುವತನಕ ಓದುತ್ತೇನೆ.